ಡಿಯೋ ಯಾರು ಅಂತ ಕೇಳಿದೆಯಲ್ಲಾ, ಪುಟ್ಟಿ

ಪ್ರೀತಿಯ ಪುಟ್ಟಿ,

ಹೇಗಿದ್ದೀಯಾ? ಮಣಿಪಾಲದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ ಅಂದೆ. ಇಲ್ಲಿ ಹನುಮಂತನಗರದಲ್ಲೂ ದಿನಾ ಸಂಜೆ ಮೋಡ ಕಟ್ಟುತ್ತೆ, ಒಂದೊಂದು ದಿನ ಸುರಿಯುತ್ತೆ. ಅಜ್ಜಿಗೆ ಮಂಡಿ ನೋವು ಸ್ವಲ್ಪ ವಾಸಿ. ಅಪ್ಪ ಎಂದಿನಂತೆ ಆಫೀಸು, ಟ್ರಾಫಿಕ್ಕು.

ನಿನ್ನ ರೂಮಿನ ಹುಡುಗಿ ಹಾಕಿದ ಹಾಡು ಕೇಳಿ, "ಇದು ನಮ್ಮಮ್ಮ ಅಡುಗೆ ಮಾಡ್ತಾ ಕೇಳೋ ಹಾಡು" ಅಂದೆಯಂತೆ. ಅವಳು ನಂಬಲೇ ಇಲ್ಲವಂತೆ. ಆಮೇಲೆ ನನಗೆ ಫೋನ್ ಮಾಡಿ, "ಯಾರಮ್ಮಾ ಈ ಡಿಯೋ? ಅವನು ಹೋಗಿ ಇಷ್ಟು ವರ್ಷ ಆಯ್ತು, ನಿಂಗೆ ಯಾಕೆ ಇನ್ನೂ ಅಷ್ಟು ಇಷ್ಟ?" ಅಂತ ಕೇಳಿದೆ. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಡಿಯೋ ಅಂದರೆ ಹೆವಿ ಮೆಟಲ್ ಹಾಡುಗಾರ, ಗಿಟಾರು ಡ್ರಮ್ಮುಗಳ ಅಬ್ಬರದ ರಾಕ್ ಸಂಗೀತದವನು. ನೀನು ಕೇಳಿದ ಹಾಡು 'ರೇನ್‌ಬೋ ಇನ್ ದ ಡಾರ್ಕ್'. 1983ರ 'ಹೋಲಿ ಡೈವರ್' ಆಲ್ಬಮ್ಮಿನದು. ಅದರ ಕೀಬೋರ್ಡಿನ ಸಣ್ಣ ಧಾಟಿ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಇಡೀ ದಿನ ತಲೆಯಲ್ಲೇ ಸುತ್ತುತ್ತಿರುತ್ತೆ. ಮಜಾ ಏನು ಗೊತ್ತಾ, ಡಿಯೋಗೆ ಆ ಹಾಡು ಹಿಡಿಸಿರಲಿಲ್ಲ. ತೀರಾ ಪಾಪ್ ಹಾಡಿನ ಥರ ಆಯ್ತು ಅಂತ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಹಾಕಲು ಹೊರಟಿದ್ದನಂತೆ. ಜೊತೆಯವರು ಬಿಡಲಿಲ್ಲ. ಬಿಡದೇ ಇದ್ದದ್ದು ಒಳ್ಳೆಯದಾಯಿತು, ಅಲ್ವಾ?

ಅವನ ಪೂರ್ತಿ ಹೆಸರು ರಾನಿ ಜೇಮ್ಸ್ ಡಿಯೋ. ಹುಟ್ಟಿದಾಗ ಇಟ್ಟ ಹೆಸರು ರೊನಾಲ್ಡ್ ಜೇಮ್ಸ್ ಪಡವೋನಾ. 1942ರ ಜುಲೈ 10ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ ಹುಟ್ಟಿದ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕೋರ್ಟ್‌ಲ್ಯಾಂಡ್ ಅನ್ನೋ ಸಣ್ಣ ಊರಿನಲ್ಲಿ. ಇಟಲಿಯಿಂದ ಬಂದು ನೆಲೆಸಿದ ಮನೆತನ. ಆಳು ಕುಳ್ಳ, ಐದಡಿ ನಾಲ್ಕು ಇಂಚಿನ ಆಸುಪಾಸು. ಫೋಟೋದಲ್ಲಿ ನೋಡಿದರೆ ಇವನೇನಾ ಹಾಗೆ ಹಾಡೋದು ಅನ್ನಿಸುತ್ತೆ.

ಇನ್ನು ನನ್ನ ಕಥೆ. ನಾನು ಹೈಸ್ಕೂಲಿನಲ್ಲಿದ್ದಾಗ ನಿನ್ನ ಮಾಮ ಇಂಜಿನಿಯರಿಂಗ್ ಓದುತ್ತಿದ್ದ. ಅವನ ಕ್ಲಾಸಿನ ಹುಡುಗರ ಮಧ್ಯೆ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಯಾರದೋ ಚಿಕ್ಕಪ್ಪ ಹೊರದೇಶದಿಂದ ಒಂದು ಒರಿಜಿನಲ್ ತಂದರೆ ಅದರಿಂದ ಹತ್ತಾರು ಕಾಪಿ. ಕಾಪಿಯಿಂದ ಮತ್ತೆ ಕಾಪಿ. ಮಾಮನ ಕೈಗೆ ಬರುವ ಹೊತ್ತಿಗೆ ಹಾಡಿಗಿಂತ ಸುಯ್ ಅನ್ನೋ ಸದ್ದೇ ಜಾಸ್ತಿ. ಮನೆಯಲ್ಲಿ ಇದ್ದದ್ದು ಒಂದೇ ಟೂ-ಇನ್-ಒನ್. ಬೆಳಿಗ್ಗೆ ಅದರಲ್ಲಿ ಆಕಾಶವಾಣಿ, ಸಂಜೆ ನಿನ್ನ ತಾತನ ಪಿ.ಬಿ. ಶ್ರೀನಿವಾಸ್. ಎಲ್ಲರ ಊಟ ಆದ ಮೇಲೆ ಮಾಮನ ಸರದಿ. ವಾಲ್ಯೂಮ್ ತೀರಾ ಸಣ್ಣಗೆ ಇಟ್ಟು, ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದ. ಪಕ್ಕದಲ್ಲಿ ನಾನು.

ಹಾಗೆ ಕೇಳಿದ ಮೊದಲ ಹಾಡು 'ಹೆವನ್ ಆಂಡ್ ಹೆಲ್'. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನದು, 1980ರಲ್ಲಿ ಬಂದದ್ದು. ಹಾಡು ಶುರುವಾಗುವಾಗ ಟೋನಿ ಅಯೋಮಿಯ ಗಿಟಾರ್ ನಿಧಾನಕ್ಕೆ, ಭಾರವಾಗಿ ಬರುತ್ತೆ. ಆಮೇಲೆ ಡಿಯೋ ಹಾಡಬೇಕಾದ ಜಾಗ ಬಂದ ತಕ್ಷಣ ಗಿಟಾರ್ ಹಿಂದೆ ಸರಿಯುತ್ತೆ. ಬರೀ ಬೇಸ್, ಡ್ರಮ್. ಆ ಖಾಲಿ ಜಾಗದಲ್ಲಿ ಅವನ ಕಂಠ ಎದ್ದು ನಿಲ್ಲುತ್ತೆ. ಅಬ್ಬರ ಇಲ್ಲ, ಕಿರುಚಾಟ ಇಲ್ಲ. ಶ್ರುತಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲ್ಲ.

ನಾನು ಆಗ ಸಂಗೀತ ಕಲಿಯುತ್ತಿದ್ದೆ ಅಂತ ನಿನಗೆ ಗೊತ್ತು. ಗವೀಪುರದಲ್ಲಿ ಟೀಚರ್ ಮನೆ. ಬೆಳಗಿನ ಜಾವ ಶ್ರುತಿ ಪೆಟ್ಟಿಗೆ ಇಟ್ಟು ಅಕಾರ ಸಾಧನೆ, ಆಮೇಲೆ ಸರಳೆ ವರಸೆ, ಜಂಟಿ ವರಸೆ. "ಗಂಟಲಿಂದ ಹಾಡ್ಬೇಡಿ, ಹೊಕ್ಕಳಿಂದ ಹಾಡಿ" ಅನ್ನೋದು ಟೀಚರ್ ದಿನಾ ಹೇಳುತ್ತಿದ್ದ ಮಾತು. ನಾವು ಹೂಂ ಅನ್ನುತ್ತಿದ್ದೆವು, ಗಂಟಲಿನಿಂದಲೇ ಹಾಡುತ್ತಿದ್ದೆವು. ಆ ರಾತ್ರಿ ಟೂ-ಇನ್-ಒನ್ ಮುಂದೆ ಕೂತಾಗ ನನಗೆ ಆ ಮಾತು ಅರ್ಥವಾಯಿತು. ಈ ಮನುಷ್ಯ ತಾರಸ್ಥಾಯಿಗೆ ಹೋದರೂ ಗಂಟಲು ಬಿಗಿಯುವುದಿಲ್ಲ. ಉದ್ದದ ಸ್ವರ ಹಿಡಿದು, ಅದರ ತುದಿಯಲ್ಲಿ ಬೇಕೆಂದಾಗ ಅಲುಗಿಸಿ, ಬೇಕೆಂದಾಗ ನಿಲ್ಲಿಸುತ್ತಾನೆ. ಉಸಿರು ಎಲ್ಲಿ ತೆಗೆದುಕೊಂಡ ಅಂತ ಗೊತ್ತೇ ಆಗಲ್ಲ.

ಅದರ ಗುಟ್ಟು ಆಮೇಲೆ ಓದಿ ತಿಳಿದುಕೊಂಡೆ. ಅವನು ಯಾವ ಗುರುವಿನ ಹತ್ತಿರವೂ ಹಾಡು ಕಲಿತವನಲ್ಲ. ತೀರಾ ಚಿಕ್ಕ ಹುಡುಗನಾಗಿದ್ದಾಗಲೇ ಕೈಗೆ ಟ್ರಂಪೆಟ್ ಬಂತು. ಟ್ರಂಪೆಟ್ ಊದಬೇಕು ಅಂದರೆ ಉಸಿರನ್ನು ಹೊಟ್ಟೆಯಿಂದ ಎತ್ತಿ, ಅಳತೆ ಮಾಡಿ ಬಿಡಬೇಕು. ಎದೆಯಲ್ಲಿ ತುಂಬಿಕೊಂಡು ಊದಿದರೆ ಸ್ವರ ನಿಲ್ಲಲ್ಲ. ವರ್ಷಗಟ್ಟಲೆ ಆ ಅಭ್ಯಾಸ ಮಾಡಿದ್ದೇ ತನ್ನ ಹಾಡಿಕೆಗೆ ಬುನಾದಿ ಅಂತ ಅವನೇ ಹೇಳುತ್ತಿದ್ದ. ನಮ್ಮ ಟೀಚರ್ ಹೇಳಿದ್ದು, ಕೋರ್ಟ್‌ಲ್ಯಾಂಡ್‌ನಲ್ಲಿ ಟ್ರಂಪೆಟ್ ಹೇಳಿಕೊಟ್ಟದ್ದು ಎರಡೂ ಒಂದೇ. ಅದು ತಿಳಿದ ದಿನ ನನಗಾದ ಖುಷಿ ಈಗಲೂ ನೆನಪಿದೆ.

ಅವನು ನನಗೆ ಹತ್ತಿರವಾಗಲು ಇನ್ನೊಂದು ಕಾರಣ ಇದೆ. ನಾನು ಓದಿದ್ದು ಕನ್ನಡ ಮೀಡಿಯಮ್ಮಿನಲ್ಲಿ. ಇಂಗ್ಲಿಷ್ ಪುಸ್ತಕ ಓದಬಹುದಿತ್ತು, ಆದರೆ ಯಾರಾದರೂ ಮಾತಾಡಿದರೆ ಅರ್ಧ ಹಿಡಿಯುತ್ತಿರಲಿಲ್ಲ. ಮಾಮನ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಜನ ಹಾಡುಗಾರರು ಇದ್ದರು. ಅವರೆಲ್ಲ ಏನು ಹಾಡುತ್ತಿದ್ದಾರೆ ಅಂತ ನನಗೆ ಒಂದು ಸಾಲೂ ಗೊತ್ತಾಗುತ್ತಿರಲಿಲ್ಲ. ಡಿಯೋ ಹಾಡಿದರೆ ಮಾತ್ರ ಪ್ರತಿಯೊಂದು ಪದ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಪದದ ಕೊನೆಯ ಅಕ್ಷರವನ್ನೂ ಅವನು ನುಂಗುತ್ತಿರಲಿಲ್ಲ. ನಾನು ಒಂದು ರಫ್ ನೋಟ್‌ಬುಕ್ ಇಟ್ಟುಕೊಂಡು, ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. ಪಾಸ್ ಒತ್ತು, ಬರೆ. ರಿವೈಂಡ್ ಮಾಡು, ಇನ್ನೊಂದು ಸಲ ಕೇಳು. ಆಮೇಲೆ ಮಾಮನ ಡಿಕ್ಷನರಿ ತೆಗೆದು ಅರ್ಥ ಹುಡುಕುತ್ತಿದ್ದೆ. ಮಾಂತ್ರಿಕರು, ಡ್ರ್ಯಾಗನ್‌ಗಳು, ರಾಜರು, ಕತ್ತಲೆ, ಬೆಳಕು, ಮಳೆಬಿಲ್ಲು. ಅವನ ಹಾಡಿನಲ್ಲಿ ಇರೋದೆಲ್ಲ ಇವೇ. ಚಂದಮಾಮ ಓದಿಕೊಂಡು ಬೆಳೆದ ನನಗೆ ಇದರಲ್ಲಿ ಯಾವುದೂ ಹೊಸದಲ್ಲ. ಹೊಸದು ಏನು ಅಂದರೆ, ದೊಡ್ಡವರೂ ಇದನ್ನೆಲ್ಲ ಇಷ್ಟು ಗಂಭೀರವಾಗಿ ಹಾಡಬಹುದು ಅನ್ನೋದು.

ಈ ಹುಡುಗಿಗೂ ಅರ್ಥವಾಗಲಿ ಅಂತ ಅವನು ನನ್ನನ್ನು ಲೆಕ್ಕಕ್ಕಿಟ್ಟುಕೊಂಡೇ ಹಾಡುತ್ತಿದ್ದಾನೆ ಅನ್ನಿಸುತ್ತಿತ್ತು ನನಗೆ. ಈಗಲೂ ಹಾಗೇ ಅನ್ನಿಸುತ್ತೆ. ನೀನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಹೆಚ್ಚುಕಡಿಮೆ ಇದೇ. ಆದರೂ ಇಲ್ಲಿಗೇ ನಿಲ್ಲಿಸಲು ಮನಸ್ಸಿಲ್ಲ.

'ಸ್ಟಾರ್‌ಗೇಜರ್' ಕಥೆ ಹೇಳಲೇಬೇಕು. ಬ್ಲ್ಯಾಕ್ ಸಬ್ಬತ್ ಸೇರುವ ಮುಂಚೆ ಡಿಯೋ ರೇನ್‌ಬೋ ಅನ್ನೋ ಬ್ಯಾಂಡಿನಲ್ಲಿದ್ದ. ಡೀಪ್ ಪರ್ಪಲ್ ಅನ್ನೋ ಬ್ಯಾಂಡ್ ಬಿಟ್ಟು ಬಂದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ 1975ರಲ್ಲಿ ಕಟ್ಟಿದ ಬ್ಯಾಂಡ್ ಅದು. 1976ರಲ್ಲಿ ಅವರ 'ರೈಸಿಂಗ್' ಆಲ್ಬಮ್ ಬಂತು. ಜರ್ಮನಿಯ ಮ್ಯೂನಿಕ್‌ನಲ್ಲಿ ರೆಕಾರ್ಡ್ ಮಾಡಿದ್ದು. ಅದರಲ್ಲಿ ಎಂಟು ನಿಮಿಷಕ್ಕೂ ಉದ್ದದ ಹಾಡು ಈ 'ಸ್ಟಾರ್‌ಗೇಜರ್'. ಕೋಜಿ ಪೊವೆಲ್ ಡ್ರಮ್ ಬಾರಿಸಿಕೊಂಡು ಶುರು ಮಾಡುತ್ತಾನೆ. ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಕೂಡ ಸೇರಿಕೊಂಡಿದೆ.

ಕಥೆ ಹೀಗೆ. ಒಬ್ಬ ಮಾಂತ್ರಿಕ. ತಾನು ನಕ್ಷತ್ರಗಳ ಕಡೆಗೆ ಹಾರಬೇಕು ಅಂತ ಅವನಿಗೆ ಹುಚ್ಚು. ಅದಕ್ಕಾಗಿ ಸುಡುಬಿಸಿಲಿನಲ್ಲಿ ಜನರನ್ನು ದುಡಿಸಿ ಕಲ್ಲಿನ ಗೋಪುರ ಕಟ್ಟಿಸುತ್ತಾನೆ. ವರ್ಷಗಟ್ಟಲೆ ಕೆಲಸ ನಡೆಯುತ್ತೆ. ಹಾಡುವವನು ಮಾಂತ್ರಿಕ ಅಲ್ಲ, ಕಲ್ಲು ಹೊರುವವರಲ್ಲಿ ಒಬ್ಬ. ಕೊನೆಗೆ ಗೋಪುರ ಮುಗಿಯುತ್ತೆ. ಎಲ್ಲರೂ ನೋಡುತ್ತಿದ್ದ ಹಾಗೇ ಮಾಂತ್ರಿಕ ತುದಿಗೆ ಹತ್ತುತ್ತಾನೆ...

ಅಷ್ಟರಲ್ಲಿ ನಮ್ಮ ಕ್ಯಾಸೆಟ್ ಮುಗಿಯುತ್ತಿತ್ತು! ಕಾಪಿ ಮಾಡಿದವನು ಬೇರೆ ಏನನ್ನೋ ಮೊದಲು ತುಂಬಿಸಿ, ಉಳಿದ ಜಾಗದಲ್ಲಿ ಇದನ್ನು ಹಾಕಿದ್ದ. ಸರಿಯಾಗಿ ಆ ಜಾಗದಲ್ಲಿ ಟಕ್ ಅಂತ ಗುಂಡಿ ಮೇಲೆ ಬರುತ್ತಿತ್ತು. ಮಾಂತ್ರಿಕ ಹಾರಿದನಾ, ಬಿದ್ದನಾ? ಮಾಮನ ಗೆಳೆಯರ ಬಳಿ ಇದ್ದದ್ದೂ ಅದರದ್ದೇ ಕಾಪಿ, ಎಲ್ಲವೂ ಅಲ್ಲಿಗೇ ಖತಂ. "ಅಷ್ಟು ವರ್ಷ ಕಟ್ಟಿದಾನೆ, ಹಾರಿರ್ತಾನೆ ಬಿಡು" ಅನ್ನೋದು ಮಾಮನ ವಾದ. ಅಷ್ಟೊಂದು ಜನರನ್ನು ಗೋಳಾಡಿಸಿದವನು ಹಾರಬಾರದು ಅನ್ನೋದು ನನ್ನದು. ಈ ಜಗಳ ಎಷ್ಟೋ ವರ್ಷ ನಡೆಯಿತು ಕಣೇ. ನಾನು ಡಿಗ್ರಿ ಮುಗಿಸಿದೆ, ಮಾಮ ಕೆಲಸ ಸಿಕ್ಕಿ ಪುಣೆಗೆ ಹೋದ. ಕೊನೆ ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ.

ನನಗೆ ಕೆಲಸ ಸಿಕ್ಕಿ ಸಂಬಳ ಬರಲು ಶುರುವಾದ ಮೇಲೆ ಒಂದು ಶನಿವಾರ ಬ್ರಿಗೇಡ್ ರೋಡಿಗೆ ಹೋಗಿದ್ದೆ. ಅಲ್ಲೊಂದು ಅಂಗಡಿಯಲ್ಲಿ 'ರೈಸಿಂಗ್' ಸಿ.ಡಿ. ಕಣ್ಣಿಗೆ ಬಿತ್ತು. ಕವರಿನಲ್ಲಿ ಸಮುದ್ರದಿಂದ ಎದ್ದ ದೊಡ್ಡ ಮುಷ್ಟಿ ಮಳೆಬಿಲ್ಲನ್ನು ಹಿಡಿದಿರುವ ಚಿತ್ರ. ಅಂಗಡಿಯ ಹುಡುಗನನ್ನು ಕೇಳಿಕೊಂಡು ಹೆಡ್‌ಫೋನ್ ಹಾಕಿಸಿಕೊಂಡೆ. ಮಾಂತ್ರಿಕ ಗೋಪುರ ಹತ್ತಿದ. ನನ್ನ ಕೈ ಬೆವರುತ್ತಿತ್ತು. ಅವನು ಹಾರಲಿಲ್ಲ. ಸದ್ದೇ ಇಲ್ಲದೆ ಕೆಳಗೆ ಬಿದ್ದ. ಮರಳಿನ ಮೇಲೆ ರಕ್ತ.

ಹಾಡು ಅಲ್ಲಿಗೆ ಮುಗಿಯುತ್ತೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಕಲ್ಲು ಹೊತ್ತವನು ಹಾಡುತ್ತಲೇ ಹೋಗುತ್ತಾನೆ. ಇನ್ನು ನಾವೆಲ್ಲಿಗೆ ಹೋಗೋದು ಅಂತ ಕೇಳುತ್ತಾನೆ. ಮಳೆಬಿಲ್ಲು ಏಳುವುದು ಅವನಿಗೆ ಕಾಣಿಸುತ್ತೆ, ಮನೆಯ ಕಡೆ ಹೊರಡುತ್ತಾನೆ. ಹಿಂದೆ ಆರ್ಕೆಸ್ಟ್ರಾ ಏರುತ್ತಾ ಹೋಗುತ್ತೆ, ಅದರ ಮೇಲೆ ಡಿಯೋ ಒಂದೇ ಸಮನೆ ಹಾಡುತ್ತಾನೆ. ಬಿದ್ದವನ ಕಥೆ ಎರಡೇ ಸಾಲು. ಉಳಿದುಕೊಂಡವನಿಗೆ ಮೂರು ನಿಮಿಷ. ಅದು ನಮ್ಮ ಕ್ಯಾಸೆಟ್ಟಿನಲ್ಲಿ ಇರಲೇ ಇಲ್ಲವಲ್ಲಾ ಅಂತ ಅಂಗಡಿಯಲ್ಲಿ ನಿಂತು ಅಳು ಬಂತು. ಸಿ.ಡಿ. ಕೊಂಡು, ಎಸ್‌ಟಿಡಿ ಬೂತ್ ಹುಡುಕಿ ಪುಣೆಗೆ ಫೋನ್ ಮಾಡಿದೆ. "ಅಣ್ಣಾ, ಬಿದ್ದ ಕಣೋ" ಅಂದೆ. ಯಾರು, ಏನು ಅಂತ ಮಾಮ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೂರ್ತಿ ಹೇಳು" ಅಂದ.

ಅಜ್ಜಿ ಈ ಸಂಗೀತವನ್ನು ಹೇಗೆ ಸಹಿಸಿಕೊಂಡರು ಅಂತ ನೀನು ಒಂದು ಸಲ ಕೇಳಿದ್ದೆ. ಮೊದಲು ಸಹಿಸಿಕೊಳ್ಳಲಿಲ್ಲ. 'ಹೋಲಿ ಡೈವರ್' ಕವರ್ ನೋಡಿದ್ದೀಯಲ್ಲ, ಕೊಂಬಿರುವ ರಾಕ್ಷಸ ಸರಪಳಿ ಬೀಸುತ್ತಿದ್ದಾನೆ, ಪಾದ್ರಿಯೊಬ್ಬ ನೀರಿನಲ್ಲಿ ಮುಳುಗುತ್ತಿದ್ದಾನೆ. "ಇದನ್ನ ದೇವರ ಮನೆ ಗೋಡೆಗೆ ತಾಗಿರೋ ಕಪಾಟಲ್ಲಿ ಇಡ್ಬೇಡಿ" ಅಂದಿದ್ದರು. ಒಂದು ಅವರೆಕಾಯಿ ಕಾಲ. ಅಜ್ಜಿ ಹಜಾರದಲ್ಲಿ ಮೊರ ಇಟ್ಟುಕೊಂಡು ಹಿತಕಿದ ಬೇಳೆ ಮಾಡುತ್ತಿದ್ದರು. ಮನೆಯೆಲ್ಲ ಸೊಗಡಿನ ವಾಸನೆ. ನಾನು ಅವರ ಜೊತೆ ಕೂತು ಬೇಳೆ ಹಿತುಕುತ್ತಾ 'ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್' ಹಾಕಿದ್ದೆ. ಆ ಹಾಡು ಬರೀ ಗಿಟಾರಿನ ಮೆಲ್ಲನೆ ಮಿಡಿತದಿಂದ ಶುರುವಾಗುತ್ತೆ. ಅವನು ಕಿವಿಯ ಹತ್ತಿರ ಬಂದು ಹೇಳುವ ಹಾಗೆ ಹಾಡುತ್ತಾನೆ. ಅಜ್ಜಿಯ ಕೈ ನಿಂತಿತು. ಎರಡು ಬೆರಳಿನ ಮಧ್ಯೆ ಅರ್ಧ ಹಿತುಕಿದ ಕಾಳು ಹಾಗೇ ಇತ್ತು. ಆಮೇಲೆ ಡ್ರಮ್ಮು ಗಿಟಾರು ಎಲ್ಲ ಒಟ್ಟಿಗೆ ನುಗ್ಗಿದವು. ಅಜ್ಜಿ ಬೆಚ್ಚಿದರು, ಆದರೆ ನಿಲ್ಲಿಸು ಅನ್ನಲಿಲ್ಲ. ಹಾಡು ಮುಗಿದ ಮೇಲೆ, "ಇವನಿಗೆ ಸಂಗೀತ ಬರುತ್ತೆ ಕಣೇ" ಅಂದರು. ಅಂದಿನಿಂದ ನಮ್ಮ ಕ್ಯಾಸೆಟ್ಟುಗಳು ಆ ಕಪಾಟಿನಲ್ಲೇ ಇದ್ದವು.

ಅಜ್ಜಿಯ ಮಾತು ಬಂತಲ್ಲ, ಇನ್ನೊಬ್ಬ ಅಜ್ಜಿಯ ಬಗ್ಗೆ ಹೇಳುತ್ತೇನೆ. ನಿಮ್ಮ ಕಾಲೇಜಿನ ಹುಡುಗರು ತೋರುಬೆರಳು, ಕಿರುಬೆರಳು ಎತ್ತಿ, ಮಧ್ಯದ ಎರಡು ಬೆರಳು ಮಡಚಿ ಕೈ ಎತ್ತುತ್ತಾರಲ್ಲ, ಮೆಟಲ್ ಲೋಕಕ್ಕೆ ಅದನ್ನು ಹಬ್ಬಿಸಿದವನು ಡಿಯೋ. ಬ್ಲ್ಯಾಕ್ ಸಬ್ಬತ್‌ನಲ್ಲಿ ಅವನಿಗಿಂತ ಮುಂಚೆ ಇದ್ದ ಓಜಿ ಆಸ್ಬರ್ನ್ ಎರಡು ಬೆರಳೆತ್ತಿ ಶಾಂತಿಯ ಸನ್ನೆ ಮಾಡುತ್ತಿದ್ದ. ಅದು ಅವನ ಗುರುತು, ತಾನು ಅದನ್ನು ಮಾಡಬಾರದು ಅಂತ ಡಿಯೋ ತನ್ನದೇ ಸನ್ನೆ ತಂದ. ಅದು ಅವನ ಇಟಾಲಿಯನ್ ಅಜ್ಜಿಯದು. ಕೆಟ್ಟ ಕಣ್ಣು ಬೀಳದಿರಲಿ ಅಂತ ಆ ಅಜ್ಜಿ ಹಾಗೆ ಬೆರಳು ತೋರಿಸುತ್ತಿದ್ದರಂತೆ. ಜನ ಅದನ್ನು ಸೈತಾನನ ಸನ್ನೆ ಅಂತ ಬೈದರು. ನಮ್ಮ ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಾರಲ್ಲ, ಅದೂ ಇದೂ ಒಂದೇ ಕೆಲಸ. ನಾನು ಇದನ್ನು ಹೇಳಿದಾಗ ನಮ್ಮಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ದೃಷ್ಟಿ ಎಲ್ಲಾ ಕಡೆ ಇರುತ್ತೆ" ಅಂದರು.

2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಹಾಡಿತು. ನೀನು ಆಗ ಅಂಬೆಗಾಲಿಡುವ ಕೂಸು. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ನಾನೂ ಅಪ್ಪನೂ ಹೋಗಿದ್ದೆವು. ಎಲ್ಲೆಲ್ಲಿಂದಲೋ ರೈಲು ಹತ್ತಿ ಬಂದ ಹುಡುಗರು. ಧೂಳು, ಬೆವರು, ಕಪ್ಪು ಟೀ ಶರ್ಟುಗಳು. ಅವರ ಹಾಡುಗಾರ ಬ್ರೂಸ್ ಡಿಕಿನ್ಸನ್ ವೇದಿಕೆಗೆ ಓಡಿ ಬಂದಾಗ ಕಣ್ಣು ಹಾಯಿಸಿದಷ್ಟು ದೂರ ಅದೇ ಸನ್ನೆ. ಸಾವಿರಾರು ಕೈಗಳು. ಡಿಯೋ ಅಲ್ಲಿರಲಿಲ್ಲ, ಅವನ ಅಜ್ಜಿಯ ಬೆರಳುಗಳು ಇದ್ದವು. ಅದೇ ತಿಂಗಳ 30ರಂದು ಡಿಯೋ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಹಾಡಿದ. ಬ್ಲ್ಯಾಕ್ ಸಬ್ಬತ್‌ನ ಹಳೆಯ ಜೊತೆಗಾರರೇ ಮತ್ತೆ ಒಂದಾಗಿ, ಹೆವನ್ ಆಂಡ್ ಹೆಲ್ ಅನ್ನೋ ಹೆಸರಿನಲ್ಲಿ ಹೊರಟಿದ್ದರು. ಅವನಿಗೆ ಆಗ 64 ವರ್ಷ. ಆ ಕಛೇರಿಯ ರೆಕಾರ್ಡಿಂಗ್ ಸಿಗುತ್ತೆ, ಕೇಳು. ವಯಸ್ಸಿಗೆ ಕಂಠ ಸ್ವಲ್ಪ ದಪ್ಪವಾಗಿದೆ, ಆದರೆ ಪದಗಳು ಅಷ್ಟೇ ಬಿಡಿಬಿಡಿ.

ಅವನನ್ನು ನಾನು ಎದುರಿಗೆ ಒಂದು ಸಲವೂ ನೋಡಲಿಲ್ಲ. ನಿನ್ನ ತಾತನೂ ಅಣ್ಣಾವ್ರನ್ನು ಎದುರಿಗೆ ನೋಡಿದವರಲ್ಲ. ಆದರೂ ಅವರು ಹೋದ ದಿನ ತಾತ ಊಟ ಮಾಡಲಿಲ್ಲ.

ಡಿಯೋಗೆ ಯಶಸ್ಸು ಬೇಗ ಸಿಕ್ಕಿದ್ದಲ್ಲ. 1950ರ ದಶಕದ ಕೊನೆಯಲ್ಲೇ ಊರಿನ ಹುಡುಗರ ಜೊತೆ ಬ್ಯಾಂಡ್ ಕಟ್ಟಿದವನು. 1968ರಲ್ಲಿ ಅವರ ವ್ಯಾನ್ ಅಪಘಾತಕ್ಕೆ ಸಿಕ್ಕಿ ಗಿಟಾರ್ ನುಡಿಸುವ ಗೆಳೆಯ ತೀರಿಕೊಂಡ. ರೇನ್‌ಬೋ ಮೊದಲ ಆಲ್ಬಮ್ ಬರುವ ಹೊತ್ತಿಗೆ ಅವನಿಗೆ 33. ತನ್ನದೇ ಹೆಸರಿನ ಬ್ಯಾಂಡ್ ಕಟ್ಟಿ 'ಹೋಲಿ ಡೈವರ್' ತಂದಾಗ 40. 1990ರ ದಶಕದಲ್ಲಿ ಈ ಥರದ ಸಂಗೀತಕ್ಕೆ ಬೆಲೆ ಇಳಿದು, ದೊಡ್ಡ ಮೈದಾನಗಳಲ್ಲಿ ಹಾಡಿದವನು ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹಾಡಿದ. ಅಲ್ಲೂ ಅದೇ ಶ್ರದ್ಧೆ. ಕಛೇರಿ ಮುಗಿದ ಮೇಲೆ ಹೊರಗೆ ಕಾಯುತ್ತಿದ್ದ ಅಭಿಮಾನಿಗಳ ಹತ್ತಿರ ಬಂದು, ಕೊನೆಯವನು ಹೋಗುವ ತನಕ ಮಾತಾಡುತ್ತಿದ್ದ, ಹಿಂದೆ ಭೇಟಿಯಾದವರ ಹೆಸರು ಹಿಡಿದು ಕರೆಯುತ್ತಿದ್ದ ಅಂತ ಅವನನ್ನು ಕಂಡವರು ಹೇಳುತ್ತಾರೆ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಹಾಗೆ ಪದ ಉಚ್ಚರಿಸುವವನು ಹಾಗೇ ಇರಬೇಕು.

1985ರಲ್ಲಿ ಆಫ್ರಿಕಾದ ಬರಗಾಲಕ್ಕೆ ಹಣ ಕೂಡಿಸಲು ಅವನು ಮತ್ತು ಅವನ ಬ್ಯಾಂಡಿನವರು ಸುಮಾರು 40 ಮೆಟಲ್ ಕಲಾವಿದರನ್ನು ಒಂದೆಡೆ ಸೇರಿಸಿ 'ಸ್ಟಾರ್ಸ್' ಅನ್ನೋ ಹಾಡು ರೆಕಾರ್ಡ್ ಮಾಡಿದರು. ರಾಕ್ಷಸ, ಸೈತಾನ ಅಂತ ಬೈಸಿಕೊಳ್ಳುತ್ತಿದ್ದವರೆಲ್ಲ ಹಸಿದವರಿಗಾಗಿ ಒಟ್ಟಿಗೆ ನಿಂತು ಹಾಡಿದ್ದು ಅದು. ಯೂಟ್ಯೂಬಿನಲ್ಲಿದೆ.

ಇನ್ನು, ನಿನಗೆ ಗೊತ್ತಿಲ್ಲದ ಒಂದು ವಿಷಯ. ನೀನು ಡಿಯೋ ದನಿ ಕೇಳಿದ್ದು ನನ್ನ ಅಡುಗೆಮನೆಯಲ್ಲಿ ಮೊದಲಲ್ಲ. ಚಿಕ್ಕವಳಿದ್ದಾಗ ಅನ್ನ ಸಾರು ಕಲಸಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ ನೀನು. ಕಂಪ್ಯೂಟರಿನಲ್ಲಿ 'ಕಪ್ಪೆ ಹಾಡು' ಹಾಕಬೇಕಿತ್ತು. ಗಿಟಾರ್ ಹಿಡಿದ ಕಪ್ಪೆ, ಸುತ್ತ ಕುಣಿಯುವ ಪ್ರಾಣಿಗಳು, ನೆನಪಿದೆಯಾ? ಅದು 1974ರಲ್ಲಿ ಡೀಪ್ ಪರ್ಪಲ್‌ನ ರೋಜರ್ ಗ್ಲೋವರ್ ಮಾಡಿದ 'ಲವ್ ಈಸ್ ಆಲ್'. ಹಾಡಿದ್ದು ಡಿಯೋ. ನಿನ್ನ ಕಪ್ಪೆಯ ದನಿ ಅವನದೇ!

2010ರ ಮೇ 16, ಭಾನುವಾರ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಅವನು ತೀರಿಕೊಂಡ. ಹೊಟ್ಟೆಯ ಕ್ಯಾನ್ಸರ್. 67 ವರ್ಷ. ಕಾಯಿಲೆ ಇದೆ ಅಂತ ಜಗತ್ತಿಗೆ ತಿಳಿದದ್ದು 2009ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಬಹಳ ಕಾಲ ಅಜೀರ್ಣ ಅಂದುಕೊಂಡು ಅದಕ್ಕಿರುವ ಮಾತ್ರೆ ನುಂಗಿಕೊಂಡು ಹಾಡುತ್ತಿದ್ದ ಅಂತ ಹೆಂಡತಿ ವೆಂಡಿ ಆಮೇಲೆ ಹೇಳಿದ್ದಾರೆ. ಈ ಕಾಯಿಲೆಯನ್ನು ಬೇಗ ಪತ್ತೆ ಮಾಡಬೇಕು ಅಂತ ಅವರು ಡಿಯೋ ಹೆಸರಿನಲ್ಲಿ ಒಂದು ನಿಧಿಯನ್ನೂ ನಡೆಸುತ್ತಿದ್ದಾರೆ. ಅಪ್ಪ ಗ್ಯಾಸು ಗ್ಯಾಸು ಅಂತ ತಿಂಗಳುಗಟ್ಟಲೆ ಮಾತ್ರೆ ತಿಂದಾಗ ನಾನು ಹಟ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು ಇದೇ ಭಯಕ್ಕೆ. ದೇವರ ದಯೆ, ಏನೂ ಇರಲಿಲ್ಲ.

ಸುದ್ದಿ ನನಗೆ ತಿಳಿದದ್ದು ಸೋಮವಾರ ಬೆಳಿಗ್ಗೆ. ಮಾಮನ ಫೋನ್. "ಹೋದ ಕಣೇ" ಅಂದ. ನಾನೂ ಯಾರು ಅಂತ ಕೇಳಲಿಲ್ಲ. ನಿನಗೆ ಬೇಸಿಗೆ ರಜೆ. ತಟ್ಟೆ ಹಿಡಿದುಕೊಂಡು ಬಂದು "ಕಪ್ಪೆ ಹಾಡು ಹಾಕು" ಅಂದೆ. ಹಾಕಿದೆ. ನೀನು ಒಂದೊಂದೇ ತುತ್ತು ತಿನ್ನುತ್ತಾ ಕಪ್ಪೆಯ ಜೊತೆ ತಲೆ ಆಡಿಸುತ್ತಿದ್ದೆ. ಇನ್ನೊಂದ್ಸಲ ಅಂದೆ, ಇನ್ನೊಂದು ಸಲ ಹಾಕಿದೆ. ಅವನಿಗೆ ಅದಕ್ಕಿಂತ ಒಳ್ಳೆಯ ಶ್ರದ್ಧಾಂಜಲಿ ಆ ದಿನ ನನ್ನಿಂದ ಆಗುತ್ತಿರಲಿಲ್ಲ.

ಅದೇ ವರ್ಷ ಬಲ್ಗೇರಿಯಾದ ಕವರ್ನಾ ಅನ್ನೋ ಊರಿನವರು ಅವನ ಪ್ರತಿಮೆ ನಿಲ್ಲಿಸಿದರು. ನಿನ್ನ ಓದು ಮುಗಿದು, ನಾವು ಯಾವತ್ತಾದರೂ ಆ ಕಡೆ ಹೋಗುವ ಹಾಗಾದರೆ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು.

ನೀನೂ ಈಗ ಕಾಲೇಜಿನ ಬ್ಯಾಂಡಿನಲ್ಲಿ ಹಾಡುತ್ತಿದ್ದೀಯಾ, ಜೋರಾಗಿ ಹಾಡಿದರೆ ಮಾರನೇ ದಿನ ಗಂಟಲು ಕಟ್ಟುತ್ತೆ ಅಂದೆ. ಬೆಳಿಗ್ಗೆ ಎದ್ದು ಬಿಸಿನೀರು ಕುಡಿದು, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಮಂದ್ರದಲ್ಲಿ ಅಕಾರ ಹಿಡಿ. ಉಸಿರು ತೆಗೆದುಕೊಂಡಾಗ ಅಂಗೈ ಮುಂದೆ ಬರಬೇಕು, ಭುಜ ಮೇಲೆ ಏಳಬಾರದು. ಅಷ್ಟು ಮಾಡು ಸಾಕು. ಮೈಕ್ ಇದೆ, ಕಿರುಚುವ ಅಗತ್ಯ ಇಲ್ಲ.

ಹಾಡು ಕೇಳೋದು ಫೋನಿನ ಸ್ಪೀಕರಿನಲ್ಲಿ ಬೇಡ. ಅಪ್ಪ ಕೊಡಿಸಿದ ಹೆಡ್‌ಫೋನ್ ಹಾಕಿಕೊ. ಮೊದಲು 'ಹೆವನ್ ಆಂಡ್ ಹೆಲ್', ಅವನು ಹಾಡಲು ಶುರು ಮಾಡುವ ಜಾಗವನ್ನು ಗಮನಿಸು. ಆಮೇಲೆ 'ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್'. ಆಮೇಲೆ 'ದ ಲಾಸ್ಟ್ ಇನ್ ಲೈನ್', 1984ರದ್ದು, ಅದೂ ಮೆಲ್ಲಗೆ ಶುರುವಾಗಿ ಒಂದೇ ಸಲ ಏರುತ್ತೆ. ನಮ್ಮ ಬೆಂಗಳೂರಿನವರದೇ ಬೇಕು ಅಂದರೆ ಕ್ರಿಪ್ಟೋಸ್ ಕೇಳು. 1998ರಲ್ಲಿ ಇಲ್ಲೇ ಶುರುವಾಗಿ ಜರ್ಮನಿಯ ವಾಕೆನ್ ಮೆಟಲ್ ಸಂಗೀತ ಹಬ್ಬದ ತನಕ ಹೋಗಿ ಬಂದ ಹುಡುಗರು.

'ಸ್ಟಾರ್‌ಗೇಜರ್' ಕೊನೆಗೆ ಇಟ್ಟುಕೊ. ಯಾರೂ ಕರೆಯದ ಹೊತ್ತು ನೋಡಿಕೊಂಡು ಎಂಟೂ ನಿಮಿಷ ಒಟ್ಟಿಗೆ ಕೇಳು, ಮಧ್ಯೆ ನಿಲ್ಲಿಸಬೇಡ. ಕೇಳಿದ ಮೇಲೆ ಮೊದಲು ಮಾಮನಿಗೆ ಫೋನ್ ಮಾಡು, ಆಮೇಲೆ ನನಗೆ.

ನಿನ್ನ
ಅಮ್ಮ